ತಟ್ಟೆಯದೇ ತಪ್ಪು

ಮೂರನೇ ಸಲವೂ ಗೆರೆ ಕೂಡಲಿಲ್ಲ.

ಕಣಿವೆಯ ಬಾಯಲ್ಲಿರುವ ಗುರುತುಕಲ್ಲಿನಿಂದ ಹೊರಟು, ಹೊಳೆಯ ಎಡದಂಡೆಯಲ್ಲಿ ಅಳೆಯುತ್ತ ಹತ್ತಿ, ಕಾಲುವೆ ಹುಟ್ಟಬೇಕಾದ ಜಾಗ ಮುಟ್ಟಿ, ಬಲದಂಡೆಯಲ್ಲಿ ಅಳೆಯುತ್ತ ಇಳಿದು, ಮತ್ತೆ ಅದೇ ಕಲ್ಲಿಗೆ ಬಂದು ಸೇರಬೇಕು. ಕೆಲಸ ಸರಿಯಾಗಿದ್ದರೆ ಲೆಕ್ಕವೂ ಹೊರಟ ಕಲ್ಲಿಗೇ ಬಂದು ನಿಲ್ಲುತ್ತದೆ, ಬೆರಳಗಲ ಅತ್ತಿತ್ತ. ನಮ್ಮ ಲೆಕ್ಕ ಬಂದು ನಿಂತದ್ದು ಕಲ್ಲಿನಿಂದ ಒಂದು ಮೊಳ ಆಚೆ. ನಾವು ಮಾತ್ರ ಕಲ್ಲಿನ ಪಕ್ಕದಲ್ಲೇ ನಿಂತಿದ್ದೆವು, ಮೂಗು ಸುರಿಸಿಕೊಂಡು.

ನನಗೆ ಅಳು ಬರುವಷ್ಟು ಸುಸ್ತಾಗಿತ್ತು. ಮಂಡಿ ನೋವು, ಸೊಂಟ ನೋವು, ಕೈಗವಸಿನ ತೂತಿನಿಂದ ಹೊರಗೆ ಬಂದ ಬೆರಳು ನೀಲಿ. ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಮೇಲಿನ ಬೆಟ್ಟಗಳ ಹೆಗಲ ತನಕ ಹಿಮ ಇಳಿದಿತ್ತು. ಇನ್ನೊಂದು ಗಾಳಿ ಬೀಸಿದರೆ ಕಣಿವೆಯೊಳಗೇ ಬಂದು ಕೂರುತ್ತದೆ, ಆಮೇಲೆ ವಸಂತದ ತನಕ ನಾವು ಗುರುತಿಗೆ ನೆಲಕ್ಕೆ ಹೊಡೆದ ಮೊಳೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

"ಭೂಮಿನೇ ಜರುಗಿರಬೇಕು, ಬುರುಲ್ ಅಕ್ಕ," ಅಂದ ತಾಲಾಯ್. ನಮ್ಮ ಜೀಪಿನ ಡ್ರೈವರ್ ಅವನೇ, ಕನ್ನಡಿ ಕಟ್ಟಿದ ಕೋಲು ಹಿಡಿದು ನಿಲ್ಲುವವನೂ ಅವನೇ. ಹೆಂಡತಿಯ ಬಾಯಿಗೆ ಹೆದರಿ ಬೆಟ್ಟಕ್ಕೆ ಓಡಿ ಬರುವ ಗಂಡಸು. "ನಾವು ಹೋಗಿ ಬರೋದ್ರೊಳಗೆ ಕಲ್ಲು ಬೇಜಾರಾಗಿ ಆ ಕಡೆ ಕೂತಿದೆ."

"ನಿನ್ನ ಕೋಲು ನೆಟ್ಟಗೆ ಹಿಡಿದಿದ್ರೆ ಕಲ್ಲಿಗೆ ಬೇಜಾರಾಗ್ತಿರಲಿಲ್ಲ," ಅಂದೆ.

"ನೋಡಿದ್ರಾ ಬಾಯ್ಕೆ? ಬೈಯೋದಕ್ಕೆ ಮಾತ್ರ ನಾನು. ಒಳ್ಳೇದಾದ್ರೆ ಲೆಕ್ಕ ಇವರದು."

ಬಾಯ್ಕೆ ಅಂದರೆ ಅಣ್ಣ. ನಮ್ಮ ತಂಡದಲ್ಲಿ ಹಾಗೆ ಕರೆಸಿಕೊಳ್ಳುವವರು ಕಾಸಿಮಾಲಿ ಒಬ್ಬರೇ. ಅವರು ಟ್ರೈಪಾಡಿನ ಕಾಲುಗಳನ್ನು ಮಡಚಿ, ತುದಿಗೆ ಮೆತ್ತಿದ ಮಣ್ಣನ್ನು ಹುಲ್ಲಿಗೆ ಒರೆಸುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಟ್ರೈಪಾಡ್ ಊರುವುದು ಕಾಸಿಮಾಲಿ ಬಾಯ್ಕೆಯ ಕೆಲಸ, ಅದರ ಮೇಲೆ ದೂರ, ಕೋನ ಅಳೆಯುವ ಉಪಕರಣ ಇಟ್ಟು ಓದುವುದು ನನ್ನದು. ನನಗೆ ಮದುವೆ ಆಗುವ ಮೊದಲಿನಿಂದ ಹೀಗೇ ನಡೆದಿದೆ. ನೆಲದಲ್ಲಿ ಹೊಡೆದ ಮೊಳೆಯ ಮೇಲೆ ಅವರು ಮೂರು ಕಾಲು ಅಗಲಿಸಿ, ಒಂದೊಂದನ್ನೂ ಬೂಟಿನಿಂದ ತುಳಿದು ಕೂರಿಸುತ್ತಾರೆ. ಟ್ರೈಪಾಡಿನ ತಲೆಯ ಮೇಲೆ ತಟ್ಟೆ ಇಡುತ್ತಾರೆ. ಅಂಗೈಯಗಲದ ಕಬ್ಬಿಣದ ತಟ್ಟೆ, ಕೆಳಗೆ ಮೂರು ತಿರುಪು, ಮೇಲೆ ಒಂದು ರಸಮಟ್ಟ, ಪಕ್ಕದಲ್ಲಿ ಕಿರುಬೆರಳಿನಷ್ಟು ದುರ್ಬೀನು. ತಿರುಪು ತಿರುಗಿಸಿ ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದರೆ, ಆ ದುರ್ಬೀನು ನೇರ ಕೆಳಗೆ ನೋಡುತ್ತದೆ. ಅದರೊಳಗೆ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳ ಕೂಡುಗೀಟು ಮೊಳೆಯ ತಲೆಯ ಮೇಲೆ ಬರುವ ತನಕ ತಟ್ಟೆಯನ್ನು ಕೂದಲೆಳೆಯಷ್ಟು ಅತ್ತ ಇತ್ತ ಜರುಗಿಸಬೇಕು. ಬಂದ ಮೇಲೆ ಬಾಯ್ಕೆ "ಆಯ್ತು" ಅನ್ನುತ್ತಾರೆ. ನಾನು ಉಪಕರಣ ತಂದು ತಟ್ಟೆಯ ಮೇಲೆ ಕೂರಿಸುತ್ತೇನೆ.

ಅವರು "ಆಯ್ತು" ಅಂದ ಮೇಲೆ ಆ ದುರ್ಬೀನಿನಲ್ಲಿ ಇನ್ನೊಬ್ಬರು ಇಣುಕುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ ಇದು. ಹಿರಿಯರು ರೊಟ್ಟಿ ಮುರಿಯುವ ಮೊದಲು ನಾವು ಕೈ ಹಾಕುತ್ತೇವೆಯೇ? ಹಿರಿಯರು ನೋಡಿದ್ದನ್ನು ಮತ್ತೆ ನೋಡುವುದೂ ಹಾಗೇ, ಅವರ ಮುಖಕ್ಕೆ ಉಗಿದ ಹಾಗೆ. ಬೇರೆ ಕಡೆಯವರಾಗಿದ್ದರೆ ಮೊದಲ ಸುತ್ತಿನಲ್ಲೇ ಇಣುಕಿ ನೋಡಿ ಮುಗಿಸುತ್ತಿದ್ದರು. ನಾವು ಮೂರು ಸಲ ಕಣಿವೆ ಸುತ್ತಿದೆವು, ಇಣುಕಲಿಲ್ಲ. ನಮ್ಮ ಮರ್ಯಾದೆಗೆ ನಮ್ಮ ಮಂಡಿಗಳೇ ದಂಡ ತೆತ್ತವು.

ಆ ಸಂಜೆ ಫೋನ್ ಸಿಗುವ ದಿಬ್ಬಕ್ಕೆ ಹತ್ತಿದೆ. ಕಣಿವೆಯೊಳಗೆ ಫೋನೂ ಇಲ್ಲ, ಉಪಗ್ರಹದ ಸಂಕೇತವೂ ಇಲ್ಲ. ಇದ್ದಿದ್ದರೆ ಈ ಟ್ರೈಪಾಡಿನ ಗೋಳೇ ಬೇಕಿರಲಿಲ್ಲ, ಆಕಾಶ ನೋಡಿ ಅಳೆದು ಮನೆಗೆ ಹೋಗುತ್ತಿದ್ದೆವು. ಕಚೇರಿಯ ಯಜಮಾನ ನನಗಿಂತ ಚಿಕ್ಕವನು. ಕೆಟ್ಟವನೇನಲ್ಲ, ಆದರೆ ಬೆಚ್ಚಗಿನ ಕೋಣೆಯಲ್ಲಿ ಕೂತವರ ಗಂಟಲೇ ಬೇರೆ.

"ಮೂರು ಸಲ ಆಯ್ತು, ಬುರುಲ್ಕಾನ್. ಇನ್ನೊಂದೇ ಸಲ. ಕೂಡಲಿಲ್ಲ ಅಂದ್ರೆ ಬೇರೆ ತಂಡ ಕಳಿಸ್ತೀನಿ. ಮತ್ತೆ, ನಿಮ್ಮ ಕಾಸಿಮಾಲಿಯವರು ಸಾಕು ಇನ್ನು. ಹೋದ ವರ್ಷವೇ ಮನೆಗೆ ಕಳಿಸ್ಬೇಕಿತ್ತು, ನೀವು ಅಡ್ಡ ಬಂದ್ರಿ ಅಂತ ಇಟ್ಕೊಂಡಿದ್ದು."

"ಅವರದ್ದೇನೂ ಇಲ್ಲ ಇದರಲ್ಲಿ," ಅಂದೆ.

"ಮತ್ತೆ ಯಾರದ್ದು?"

 ಫೋನನ್ನು ಕೋಟಿನೊಳಗೆ ಹಾಕಿಕೊಂಡು, ಬೈದುಕೊಳ್ಳುತ್ತಾ ಇಳಿದೆ. ಕಾಸಿಮಾಲಿ ಬಾಯ್ಕೆಗೆ ಮನೆಯಲ್ಲಿ ಏನೂ ಕಡಿಮೆ ಇಲ್ಲ. ಮಗ ಇದ್ದಾನೆ, ಕಾಲು ಒತ್ತುವ ಸೊಸೆ ಇದ್ದಾಳೆ, ಬಿಸಿ ಒಲೆಯ ಪಕ್ಕ ಹಾಸಿಗೆ ಇದೆ. ಅವರಿಗೆ ಅದೇ ಹೆದರಿಕೆ. "ಒಲೆ ಪಕ್ಕ ಕೂರಿಸಿಬಿಟ್ರೆ ಮುಗೀತು ತಂಗಿ," ಅಂತ ಒಮ್ಮೆ ಹೇಳಿದ್ದರು. "ಆಮೇಲೆ ಮನುಷ್ಯ ಅನ್ನಲ್ಲ, ಅಜ್ಜ ಅಂತಾರೆ." ಬೆಟ್ಟದಲ್ಲಿ ಟ್ರೈಪಾಡ್ ಊರುವುದನ್ನು ಬಿಟ್ಟು ಅವರಿಗೆ ಬೇರೆ ಹಂಬಲವಿಲ್ಲ.

ಯಜಮಾನ ಹೇಳಿದ್ದನ್ನು ಮುಚ್ಚಿಡಬೇಕು ಅಂದುಕೊಂಡೆ. ಆದರೆ ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ಬಾಯ್ಕೆ ಚಹಾದ ಬಟ್ಟಲು ಕೈಗೆ ಕೊಟ್ಟು, "ನನ್ನನ್ನ ಕಳಿಸ್ತಾರಂತಾ?" ಅಂತ ಕೇಳಿಯೇಬಿಟ್ಟರು.

"ಗೆರೆ ಕೂಡದೇ ಇದ್ರೆ," ಅಂದೆ.

ಅವರು ಒಣಮೊಸರಿನ ಉಂಡೆಯೊಂದನ್ನು ದವಡೆಗೆ ಇಟ್ಟುಕೊಂಡು ಚೀಪಿದರು. ಆಮೇಲೆ ಅಂದರು, "ತಟ್ಟೆ ಕೆಟ್ಟಿದೆ."

ನಾನೂ ತಾಲಾಯ್‌ನೂ ಮುಖ ಮುಖ ನೋಡಿಕೊಂಡೆವು.

"ಹೊಳೆ ದಾಟುವಾಗ ತಟ್ಟೆ ಪೆಟ್ಟಿಗೆ ಬಿತ್ತಲ್ಲ? ಅವತ್ತೇ ದುರ್ಬೀನು ಓರೆಯಾಗಿದೆ. ನಾನು ಮೊಳೆ ಮೇಲೇ ತರ್ತೀನಿ, ಅದು ಪಕ್ಕಕ್ಕೆ ಹೋಗಿರುತ್ತೆ."

"ನಾನು ಬೀಳಿಸಿದ್ದು ಅನ್ನಿ, ಬಾಯ್ಕೆ. ಸುತ್ತಿ ಬಳಸಿ ಯಾಕೆ?" ಅಂದ ತಾಲಾಯ್.

"ನೀನೇ ಬೀಳಿಸಿದ್ದು."

"ಹ್ಞಾಂ. ಈಗ ಸಮಾಧಾನವಾಯ್ತು."

ಮೂವರಿಗೂ ಸಮಾಧಾನವೇ ಆಯಿತು. ತಟ್ಟೆಗೆ ಬಾಯಿಲ್ಲ, ಸೊಸೆಯಿಲ್ಲ, ಯಾರೂ ಅದನ್ನು ಒಲೆ ಪಕ್ಕ ಕೂರಿಸುವುದಿಲ್ಲ. ಎಷ್ಟು ಬೇಕಾದರೂ ಬೈಯಬಹುದು. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ನನ್ನನ್ನೇ ಬೈದುಕೊಂಡು ಮಲಗಿದೆ.

ಬೆಳಗ್ಗೆ ತಟ್ಟೆಯನ್ನು ಪರೀಕ್ಷೆ ಮಾಡಲು, ಕುರುಬರು ಚಳಿಗಾಲದಲ್ಲಿ ಕುರಿ ಕೂಡುವ ಕಲ್ಲಿನ ದೊಡ್ಡಿಗೆ ಹೋದೆವು. ಗೋಡೆಯ ಮರೆಯಿದ್ದರಿಂದ ಗಾಳಿ ಇರಲಿಲ್ಲ. ಬಾಯ್ಕೆ ಗೊಬ್ಬರ ಕೆರೆದು ಗಟ್ಟಿ ನೆಲ ಸಿಕ್ಕ ಮೇಲೆ ಕಾಲು ಊರಿದರು. ತಟ್ಟೆಯನ್ನು ಟ್ರೈಪಾಡಿನ ತಲೆಯ ಮೇಲೆ ಇಟ್ಟು, ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ತಟ್ಟೆಯ ತಳ ಮುಮ್ಮೂಲೆ. ಒಂದು ಮೂಲೆಯನ್ನು ಇನ್ನೊಂದರ ಜಾಗಕ್ಕೆ ತಿರುಗಿಸಿದರೂ ಅದೇ ಗೆರೆಯೊಳಗೆ ಕೂರುತ್ತದೆ. ಹಾಗೆ ಮೂರು ಸಲ ತಿರುಗಿಸಿ ಕೂರಿಸಿ, ಮಟ್ಟ ಮಾಡಿ, ಪ್ರತಿ ಸಲವೂ ದುರ್ಬೀನು ನೆಲದಲ್ಲಿ ಎಲ್ಲಿ ತೋರಿಸುತ್ತದೆಂದು ಗುರುತು ಹಾಕಬೇಕು. ದುರ್ಬೀನು ನೆಟ್ಟಗಿದ್ದರೆ ಮೂರು ಗುರುತೂ ಒಂದೇ ಕಡೆ ಬೀಳುತ್ತವೆ. ಓರೆಯಾಗಿದ್ದರೆ ಬೇರೆ ಬೇರೆ ಬೀಳುತ್ತವೆ, ಆಗ ಮೂರರ ನಟ್ಟನಡುವಿನ ಜಾಗವೇ ಸರಿಯಾದದ್ದು. ಪುಟ್ಟ ತಿರುಪುಗಳನ್ನು ತಿರುಗಿಸಿ ಕೂಡುಗೀಟನ್ನು ಅಲ್ಲಿಗೆ ತಂದರೆ ರಿಪೇರಿ ಮುಗಿಯಿತು.

ತಾಲಾಯ್ ಬಿಸ್ಕತ್ತಿನ ಡಬ್ಬದ ರಟ್ಟು ಹರಿದು ಕೆಳಗೆ ಹಾಸಿ, ನಾಲ್ಕು ಕಲ್ಲು ಹೇರಿದ. ಗುರುತಿಗೆ ಗೋಣಿ ಹೊಲಿಯುವ ದಬ್ಬಳ ತಂದಿದ್ದ, ಪೆನ್ಸಿಲ್ ತುದಿ ದಪ್ಪವಾಯಿತೆಂದು. ಹೊಟ್ಟೆಯ ಮೇಲೆ ಮಲಗಿ ದಬ್ಬಳ ಹಿಡಿದ.

"ಬಲಕ್ಕೆ," ಅಂದರು ಬಾಯ್ಕೆ, ದುರ್ಬೀನಿಗೆ ಕಣ್ಣು ಒತ್ತಿ. "ಇನ್ನೂ ಸ್ವಲ್ಪ. ಜಾಸ್ತಿಯಾಯ್ತು. ನಿನ್ನ ಕೈಯೇನು ಕುರಿ ಬಾಲವಾ? ಹ್ಞಾಂ. ಅಲ್ಲೇ. ಚುಚ್ಚು."

ಮೂರು ಸಲ ತಿರುಗಿಸಿ ಮೂರು ಸಲ ಚುಚ್ಚಿದರು. ಮೂರು ತೂತು ಬೇರೆ ಬೇರೆ ಬಿದ್ದಿದ್ದವು, ನಡುವೆ ಒಂದು ಬಟಾಣಿ ಕಾಳು ಇಡಬಹುದಿತ್ತು. ಬಾಯ್ಕೆ ನೆಟ್ಟಗೆ ನಿಂತು ನಕ್ಕರು. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

"ನೋಡಿದ್ಯಾ ತಂಗಿ? ಹೇಳಿದ್ನಲ್ಲ? ಹೇಳು ಕಚೇರಿ ಯಜಮಾನನಿಗೆ."

"ಹೇಳ್ತೀನಿ," ಅಂದೆ. ನನಗೂ ಖುಷಿಯೇ. "ತಿರುಪು ಮುಟ್ಟೋ ಮೊದಲು ಇನ್ನೊಂದು ಸಲ ನೋಡಿಬಿಡಿ."

ತಿರುಪಿಗೆ ಕೈ ಹಾಕುವ ಮೊದಲು ಎರಡು ಸಲ ನೋಡಬೇಕೆಂದು ನನಗೆ ಕಲಿಸಿದವರೇ ಅವರು. ಹೊಸ ರಟ್ಟು ಹಾಸಿದೆವು. ಬಾಯ್ಕೆ ಮತ್ತೆ ಇಣುಕಿದರು, ತಾಲಾಯ್ ಮತ್ತೆ ಚುಚ್ಚಿದ. ಈ ಸಲವೂ ಮೂರು ತೂತು ಬೇರೆ ಬೇರೆ. ಆದರೆ ಮೊದಲಿನ ರಟ್ಟಿನ ಪಕ್ಕದಲ್ಲಿ ಇಟ್ಟು ನೋಡಿದೆ, ಎರಡೂ ಹೊಂದಲಿಲ್ಲ. ಅದರಲ್ಲಿ ಬಟಾಣಿಯಷ್ಟಿದ್ದ ಮುಮ್ಮೂಲೆ ಇದರಲ್ಲಿ ಉದ್ದಕ್ಕೆ ಎಳೆದ ಹಾಗಿತ್ತು.

"ತಟ್ಟೆಗೆ ವೋಡ್ಕಾ ಕುಡಿಸಿದ್ಯಾರು?" ಅಂತ ತಾಲಾಯ್ ನಕ್ಕ.

ನಾನು ನಗಲಿಲ್ಲ. ಕೆಟ್ಟ ತಟ್ಟೆ ಒಂದೇ ಥರ ಕೆಟ್ಟಿರುತ್ತದೆ. ಇಂದು ಎಷ್ಟು ಓರೆಯೋ ನಾಳೆಯೂ ಅಷ್ಟೇ ಓರೆ. ಒಂದೊಂದು ಸಲ ಒಂದೊಂದು ಕಡೆ ತೋರಿಸುವ ಬುದ್ಧಿ ಕಬ್ಬಿಣಕ್ಕೆ ಇಲ್ಲ.

ಬಾಯ್ಕೆ ಕೈ ಉಜ್ಜಿಕೊಂಡರು. "ಬೆರಳು ಮರಗಟ್ಟಿದೆ. ಜೀಪಿಂದ ಚಹಾ ತಗೊಂಡು ಬರ್ತೀನಿ. ಆಮೇಲೆ ತಿರುಪು ನೋಡೋಣ," ಎಂದು ದೊಡ್ಡಿಯ ಆಚೆ ಹೋದರು.

ನಾನು ದುರ್ಬೀನಿನ ಮುಂದೆ ನಿಂತೆ. ತಾಲಾಯ್ ತಲೆಯೆತ್ತಿದ. "ಅಕ್ಕ, ಬೇಡ."

"ಹೊಸ ರಟ್ಟು ಹಾಕು."

"ಅವರು ಬಂದುಬಿಡ್ತಾರೆ."

"ಹಾಕು ಅಂದ್ನಲ್ಲ?"

ಬಗ್ಗಿ ಕಣ್ಣಿಟ್ಟೆ. ಇಷ್ಟು ವರ್ಷ ಜೊತೆಗಿದ್ದರೂ ಆ ದುರ್ಬೀನಿನೊಳಗೆ ನಾನು ನೋಡಿದ್ದು ಅದೇ ಮೊದಲ ಸಲ. ಕೂಡುಗೀಟು ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ದಬ್ಬಳದ ತುದಿ ಹೊಳೆಯುತ್ತಿತ್ತು. ಚುಚ್ಚು ಅಂದೆ. ತಟ್ಟೆ ತಿರುಗಿಸಿ, ಗೆರೆಯೊಳಗೆ ಕೂರಿಸಿ, ಗುಳ್ಳೆ ನಡುವಿಗೆ ತಂದು ಮತ್ತೆ ಚುಚ್ಚಿಸಿದೆ. ಮೂರನೆಯ ಸಲ ತಾಲಾಯ್ ಚುಚ್ಚಲೇ ಇಲ್ಲ.

"ತೂತೊಳಗೇ ಹೋಗ್ತಿದೆ, ಅಕ್ಕ," ಅಂದ. ಅವನ ದನಿ ಸಣ್ಣಗಾಗಿತ್ತು.

ಮೂರಕ್ಕೂ ಒಂದೇ ತೂತು. ತಟ್ಟೆ ಬಂಗಾರದಂತಿತ್ತು.

ಬಾಯ್ಕೆ ಥರ್ಮಾಸ್ ಹಿಡಿದು ಬಂದಾಗ ನಾನು ಇನ್ನೂ ಟ್ರೈಪಾಡಿನ ಹತ್ತಿರವೇ ಇದ್ದೆ, ರಟ್ಟು ನನ್ನ ಕೈಯಲ್ಲಿತ್ತು. ಅವರು ಎಲ್ಲವನ್ನೂ ನೋಡಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೋಡಿದ್ಯಾ?"

"ನೋಡಿದೆ, ಬಾಯ್ಕೆ. ತಪ್ಪಾಯ್ತು."

"ಏನು ಬಂತು?"

"ನನಗೂ ಚದುರಿಯೇ ಬಿತ್ತು," ಅಂದೆ. "ನಿಮ್ಮದರ ಹಾಗೇ. ತಟ್ಟೆ ಕೆಟ್ಟಿದೆ."

"ಪೂರ್ತಿ ಕೆಟ್ಟಿದೆ," ಅಂದ ತಾಲಾಯ್, ನೆಲ ನೋಡುತ್ತಾ.

ಅವರು ಥರ್ಮಾಸನ್ನು ಗೋಡೆಯ ಮೇಲಿಟ್ಟು ಕೈಚಾಚಿದರು. ಕೊಡದೆ ಇರಲು ಆಗಲಿಲ್ಲ. ರಟ್ಟನ್ನು ಕಣ್ಣ ಹತ್ತಿರ ತರಲಿಲ್ಲ ಅವರು. ಮಗುಚಿ, ದಬ್ಬಳದ ಮೊನೆ ಹೊರಬಂದ ಬದಿಯ ಮೇಲೆ ಹೆಬ್ಬೆರಳು ಎಳೆದರು. ಮೇಲಿಂದ ಕೆಳಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಹೆಬ್ಬೆರಳು ಒಂದು ಕಡೆ ನಿಂತಿತು.

"ಒಂದೇ ತೂತು, ತಂಗಿ."

ನಾನು ಹಳೆಯ ಎರಡು ರಟ್ಟುಗಳನ್ನು ಎತ್ತಿ ಕಂಕುಳಿಗೆ ಸೇರಿಸಿದೆ.

"ಈ ಬೇಸಿಗೆಯಿಂದ," ಅಂದರು. "ಕೂಡುಗೀಟು ಬಾಗಿದ ಹಾಗೆ ಕಾಣುತ್ತೆ. ಒಂದೊಂದು ಸಲ ಎರಡೆರಡು. ಯಾವುದು ನಿಜ ಅಂತ ಊಹೆ ಮಾಡ್ತಿದ್ದೆ. ತಟ್ಟೇನೇ ಕೆಟ್ಟಿರಬಹುದೇನೋ ಅಂತ ನಿನ್ನೆ ಅನ್ನಿಸ್ತು. ದೇವರಾಣೆ, ಅನ್ನಿಸ್ತು." ರಟ್ಟನ್ನು ನನ್ನ ಕೈಗೆ ವಾಪಸ್ ಕೊಟ್ಟು, ಚಹಾ ಬಗ್ಗಿಸಿದರು. ಮೊದಲ ಬಟ್ಟಲು ನನಗೆ ಕೊಟ್ಟರು. 

ದಾರಿ ಹುಡುಕಿದವನು ತಾಲಾಯ್. ಅವನ ಬಾಯಿ ಎಷ್ಟು ಕೆಟ್ಟದೋ ಮನಸ್ಸು ಅಷ್ಟು ಒಳ್ಳೆಯದು. "ಇದರಲ್ಲಿ ಯೋಚನೆ ಮಾಡೋದೇನಿದೆ? ಬಾಯ್ಕೆ ಕಾಲು ಊರಲಿ. ಅವರ ಹಾಗೆ ಕಾಲು ಊರೋಕೆ ನಮ್ಮಿಬ್ಬರಿಗೂ ಬರಲ್ಲ. ಅಕ್ಕ ಇಣುಕಲಿ. ಕಚೇರಿಗೆ ತಟ್ಟೆ ಕೆಟ್ಟಿತ್ತು, ಸರಿ ಮಾಡ್ಕೊಂಡ್ವಿ ಅಂತ ಹೇಳಿ. ಬೀಳಿಸಿದ್ದು ನಾನು ಅಂತಾನೂ ಹೇಳಿ, ಪರವಾಗಿಲ್ಲ. ಇಲ್ಲಿ ನಡೆದಿದ್ದು ಕುರಿ ದೊಡ್ಡೀಲೇ ಇರ್ಲಿ."

ನಾನು ತಕ್ಷಣ ಒಪ್ಪಿದೆ. ಬಾಯ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆ, ನನಗೆ ಹಾಗೆ ಅಂದುಕೊಳ್ಳಬೇಕಿತ್ತು.

ನಾಲ್ಕನೇ ಸಲ ಕಣಿವೆ ಸುತ್ತಿದೆವು. ಮಾತಿಲ್ಲ, ಜಗಳವಿಲ್ಲ, ತಾಲಾಯ್‌ನ ಕೀಟಲೆಯೂ ಇಲ್ಲ. ಬಾಯ್ಕೆ ಮೊಳೆ ಹುಡುಕುವುದು, ಕಾಲು ಅಗಲಿಸುವುದು, ತುಳಿಯುವುದು, ಪಕ್ಕಕ್ಕೆ ಸರಿಯುವುದು. ನಾನು ಬಗ್ಗುವುದು. ನಾನು ಕಣ್ಣಿಟ್ಟಾಗಲೆಲ್ಲ ಅವರು ಹೊಳೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ನನ್ನ ಸೊಂಟಕ್ಕೆ ಎರಡರಷ್ಟು ಕೆಲಸ ಬಿತ್ತು, ಆದರೆ ನೋವಾದದ್ದು ಸೊಂಟದಲ್ಲಲ್ಲ. ಮೇಲೆ ಹಿಮ ಉದುರತೊಡಗಿತ್ತು, ಹಿಟ್ಟು ಜರಡಿ ಹಿಡಿದಂತೆ. ಅದು ನಮ್ಮನ್ನು ಅಟ್ಟಿಸಿಕೊಂಡು ಇಳಿಯುತ್ತಿರುವಾಗಲೇ ಗುರುತುಕಲ್ಲಿಗೆ ಬಂದು ಮುಟ್ಟಿದೆವು.

ಗೆರೆ ಕೂಡಿತು. ಬೆರಳಗಲವೂ ವ್ಯತ್ಯಾಸವಿಲ್ಲ. ತಾಲಾಯ್ ಟೋಪಿ ಎಸೆದ. ನಾನು ಕಲ್ಲಿನ ಮೇಲೆ ಕುಸಿದು ಕೂತೆ.

ದಿಬ್ಬಕ್ಕೆ ನಾನು ಹೊರಟಾಗ ಬಾಯ್ಕೆಯೂ ಬಂದರು. "ನೀವ್ಯಾಕೆ? ನಾನು ಹೇಳಿ ಬರ್ತೀನಿ," ಅಂದರೆ, "ಕಾಲು ಚೆನ್ನಾಗಿದೆಯಲ್ಲ," ಅಂದರು. ತುದಿಯಿಂದ ಕಣಿವೆಯ ಬಾಯಿ, ಅದರ ಕೆಳಗೆ ತೆರೆಕ್ಸು ಹಳ್ಳಿ, ಅದರಾಚೆ ಕೊಯ್ದ ಹೊಲಗಳು ಕಾಣುತ್ತವೆ. ಸಾಮೂಹಿಕ ಬೇಸಾಯ ಮುರಿದು ಊರೂರಿನ ಹೊಲ ಹಂಚಿದಾಗ ಈ ಸೀಮೆಯನ್ನೆಲ್ಲ ಅಳೆದು ಕಲ್ಲು ನೆಟ್ಟವರು ಬಾಯ್ಕೆ.

ಗಾಳಿಗೆ ಕೇಳಿಸದೆಂದು ಫೋನಿನ ಸ್ಪೀಕರ್ ಹಾಕಿದೆ. ಗೆರೆ ಕೂಡಿತು ಅಂದಾಗ ಯಜಮಾನನ ದನಿಯೇ ಬದಲಾಯಿತು. "ಶಹಬ್ಬಾಸ್! ಏನಾಗಿತ್ತು ಹಾಗಾದ್ರೆ?"

"ತಟ್ಟೆಯದೇ ತಪ್ಪು," ಅಂದೆ. "ದುರ್ಬೀನು ಓರೆಯಾಗಿತ್ತು. ಸರಿ ಮಾಡ್ಕೊಂಡ್ವಿ. ಕಾಸಿಮಾಲಿ ಬಾಯ್ಕೆಯದೇನೂ ಇರಲಿಲ್ಲ."

"ಹಾಗಾ? ಒಳ್ಳೇದೇ ಆಯ್ತು. ಅವರು ಇರ್ಲಿ ಬಿಡಿ, ಮುಂದಿನ ವರ್ಷಾನೂ." ನಾನು ಉಸಿರು ಬಿಟ್ಟೆ. ಅವನು ಮಾತು ಮುಂದುವರಿಸಿದ. "ಒಂದು ನಿಮಿಷ. ಅದು ಆ ಹಳೇ ಜರ್ಮನ್ ತಟ್ಟೆ ತಾನೆ? ಹೊಲ ಹಂಚಿದಾಗಿನದು? ಯಾವಾಗಿಂದ ಓರೆಯಾಗಿದೆ ಅಂತ ಗೊತ್ತಾ? ತೆರೆಕ್ಸು ಕಡೆ ಇಬ್ಬರು ಆಗಲೇ ಗಡಿ ತಪ್ಪು ಅಂತ ಅರ್ಜಿ ಕೊಟ್ಟು ಕೂತಿದಾರೆ. ತಟ್ಟೆ ಕೆಟ್ಟಿತ್ತು ಅಂತ ಗೊತ್ತಾದ್ರೆ ಊರಿಗೂರೇ ಬರುತ್ತೆ. ಆ ತಟ್ಟೆ ಮೇಲೆ ಹಾಕಿದ ಗಡಿಯೆಲ್ಲ ತೆಗೆದು ನೋಡ್ಬೇಕಾಗುತ್ತೆ."

 ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಅವರ ಆಯಸ್ಸಿನ ಕೆಲಸದ ಬುಡಕ್ಕೇ ಕೊಡಲಿ ಇಟ್ಟಿದ್ದೆ. ಹೊಳೆ ದಾಟುವಾಗ ಬಿತ್ತು, ಹೋದ ತಿಂಗಳು ಮಾತ್ರ, ಎಂದು ಹೇಳಲು ಬಾಯಿ ತೆರೆದೆ. ಅದನ್ನೂ ಯಾರು ನಂಬುತ್ತಾರೆ? ಅಷ್ಟರಲ್ಲಿ ಬಾಯ್ಕೆ ನನ್ನ ಕೈಯಿಂದ ಫೋನ್ ತೆಗೆದುಕೊಂಡಿದ್ದರು. ಬಾಯಿಯ ಹತ್ತಿರ ಹಿಡಿದು, ನಿಧಾನವಾಗಿ, ದೊಡ್ಡ ದನಿಯಲ್ಲಿ ಹೇಳಿದರು.

"ಕಾಸಿಮಾಲಿ ಮಾತಾಡ್ತಿರೋದು. ತಟ್ಟೆ ಚೆನ್ನಾಗಿದೆ ತಮ್ಮಾ. ಯಾವತ್ತೂ ಚೆನ್ನಾಗೇ ಇತ್ತು. ನನ್ನ ಕಣ್ಣು ಹೋಗಿದೆ. ಹೋಗಿದ್ದು ಈ ಬೇಸಿಗೇಲಿ. ಈ ಬೇಸಿಗೇಲಿ ಈ ಕಾಲುವೆ ಬಿಟ್ಟು ನಾನು ಬೇರೇನೂ ಅಳೆದಿಲ್ಲ. ಅಕ್ಕರೆಗೆ ಸುಳ್ಳು ಹೇಳಿದ್ಲು ಇವಳು, ಮನಸ್ಸಿಗೆ ಹಚ್ಕೋಬೇಡ. ಬರೆದುಕೋ, ಕಣ್ಣು ಅಂತ ಬರಿ. ವಸಂತಕ್ಕೆ ಬೇರೆಯವರನ್ನ ನೋಡ್ಕೊ."

ಆ ಕಡೆಯಿಂದ ಯಜಮಾನ ಏನೋ ಅಂದ. ಬಾಯ್ಕೆ "ಹೂಂ, ಹೂಂ" ಅಂದು ಫೋನನ್ನು ನನ್ನ ಕೋಟಿನ ಜೇಬಿಗೆ ಹಾಕಿದರು.

ನನಗೆ ಸಿಟ್ಟು ಬಂತು. ಅವರ ಮೇಲೆ, ತಟ್ಟೆಯ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಮುಖ ಆ ಕಡೆ ತಿರುಗಿಸಿ ಅತ್ತೆ. ಅವರು ನೋಡದವರಂತೆ ನಿಂತಿದ್ದರು. ಹಿಮ ದಿಬ್ಬದ ತನಕ ಬಂದಿತ್ತು.

"ಅಲ್ಲಿ ಹೊಲದ ಮೂಲೇಲಿ, ಪಾಪ್ಲರ್ ಮರದ ಪಕ್ಕ, ಗಡಿಗಲ್ಲು ಇದೆ ನೋಡು," ಅಂದರು ಕೊನೆಗೆ, ಕೆಳಗೆ ಕೈ ತೋರಿಸಿ. "ನಂಗೆ ಇಲ್ಲಿಂದ ಕಾಣಲ್ಲ. ಅದೂ, ಅದರಾಚೆಯವೂ ಒಂದೇ ಸಾಲಲ್ಲಿ ಇದಾವಾ?"

ಕಣ್ಣೊರೆಸಿಕೊಂಡು ನೋಡಿದೆ. ಒಂದರ ಹಿಂದೆ ಒಂದು, ಸುಣ್ಣ ಬಳಿದ ಬಿಳಿ ತಲೆಗಳು, ಹೊಳೆಯ ತನಕ.

"ಇದಾವೆ, ಬಾಯ್ಕೆ," ಅಂದೆ. ನೆಟ್ಟಗೇ ಇದ್ದವು.